ಚಹಾದಮ್ಮ ನನಗೆ ಚಹಾ ಮಾರಲಿಲ್ಲ

ಅವರ ಬಲಗೈಯ ಹೆಬ್ಬೆರಳು ಮತ್ತು ನಡುಬೆರಳಿನ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ದಿನಾ ತಿಕ್ಕಿ ತೊಳೆದ ಹಿತ್ತಾಳೆ ಸೌಟಿನ ಹಿಡಿಯ ಹಾಗೆ ನುಣ್ಣಗೆ ಹೊಳೆಯುತ್ತಿದ್ದವು. ಕುದಿನೀರು ತುಂಬಿದ ಪುಟ್ಟ ಪಿಂಗಾಣಿ ಬಟ್ಟಲಿನ ಅಂಚನ್ನು ಆ ಎರಡು ಬೆರಳುಗಳಲ್ಲಿ ಹಿಡಿದು, ತೋರುಬೆರಳಿನಿಂದ ಮುಚ್ಚಳ ಒತ್ತಿ, ಮುಚ್ಚಳಕ್ಕೂ ಬಟ್ಟಲಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟು ಚಹಾ ಬಗ್ಗಿಸುತ್ತಿದ್ದರು. ಒಂದು ಎಲೆ ಹೊರಗೆ ಬೀಳುತ್ತಿರಲಿಲ್ಲ. ಮುಖದಲ್ಲಿ ಬಿಸಿ ತಾಗಿದ ಸುಳಿವೂ ಇಲ್ಲ.

ನನ್ನ ಬೆರಳುಗಳೂ ಹಾಗೆಯೇ. ಮೂವತ್ತು ವರ್ಷ ಕಾದ ಕಾವಲಿಯ ಮುಂದೆ ನಿಂತವನು ನಾನು. ಬೆರಳಿನ ಗುರುತು ಕೊಡಲು ಇಲ್ಲಿನ ವಿದೇಶಿಯರ ಕಚೇರಿಗೆ ಹೋದಾಗ ಯಂತ್ರ ನಾಲ್ಕು ಸಲ ಬೇಡ ಅಂದಿತ್ತು. ಆದ್ದರಿಂದ ಆ ಹೆಂಗಸನ್ನು ನೋಡಿದ ಮೊದಲ ನಿಮಿಷವೇ ಇವರು ಬೆಂಕಿ ಪಕ್ಕ ದುಡಿದವರು ಎಂದು ನನಗೆ ಗೊತ್ತಾಯಿತು. ಅವರಿಗೂ ಹಾಗೇ ಗೊತ್ತಾಯಿತಂತೆ. ಆಮೇಲೆ ಹೇಳಿದರು.

ಅವರ ಹೆಸರು ನನಗೆ ಗೊತ್ತಿರಲಿಲ್ಲವೆಂದಲ್ಲ, ನನ್ನ ನಾಲಿಗೆಯಲ್ಲಿ ಅದು ಸರಿಯಾಗಿ ಹೊರಳುತ್ತಿರಲಿಲ್ಲ. ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ಅವರನ್ನು ಚಹಾದಮ್ಮ ಎಂದೇ ಕರೆಯುತ್ತಿದ್ದೆವು. ಅವರು ನನ್ನನ್ನು ಕರೆಯುತ್ತಿದ್ದದ್ದು ‘ಕೋಖ್’ ಎಂದು. ಜರ್ಮನ್‌ನಲ್ಲಿ ಅಡಿಗೆಯವನು ಎಂದರ್ಥ. ಬೇರೆ ಯಾರಾದರೂ ಹಾಗೆ ಕರೆದಿದ್ದರೆ ನನಗೆ ಸಿಟ್ಟು ಬರುತ್ತಿತ್ತೋ ಏನೋ. ಅವರ ಬಾಯಲ್ಲಿ ಅದು ಡಾಕ್ಟರೇ, ಮೇಷ್ಟ್ರೇ ಎಂದು ಕರೆದ ಹಾಗೆ ಕೇಳುತ್ತಿತ್ತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಹೋಟೆಲಿನಲ್ಲಿ ಹಿಟ್ಟು ರುಬ್ಬುವುದರಿಂದ ಶುರು ಮಾಡಿದೆ. ಅಲ್ಲಿಂದ ಕಾವಲಿಗೆ ಬರಲು ಆರು ವರ್ಷ, ಕಾವಲಿಯಿಂದ ಜರ್ಮನಿಯ ಕಲೋನ್ ಊರಿಗೆ ಬರಲು ಹದಿನೈದು ವರ್ಷ. ಇಲ್ಲಿ ನಮ್ಮವರ ಹೋಟೆಲೊಂದರಲ್ಲಿ ಹೆಡ್ ಕುಕ್. ಸರ್ಟಿಫಿಕೇಟು ಕೇಳಿದ ಎಂಬೆಸಿಯವರಿಗೆ ದೋಸೆಯನ್ನೇ ಹಾಕಿ ತೋರಿಸುತ್ತೇನೆ ಅಂದಿದ್ದೆ. ವಿಮಾನ ಹತ್ತಿದ್ದು ನನ್ನ ಕೈಯ ಬಲದ ಮೇಲೆ, ಯಾರ ಶಿಫಾರಸಿನ ಮೇಲೂ ಅಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ನನ್ನ ಇಂಧನ ಚಹಾ. ಅಂದರೆ ನಮ್ಮ ಚಹಾ. ಒಲೆಯ ಮೂಲೆಯಲ್ಲಿ ಬೆಳಗ್ಗೆ ಇಟ್ಟ ಪಾತ್ರೆ ಸಂಜೆವರೆಗೆ ಕುದಿಯುತ್ತಲೇ ಇರುತ್ತಿತ್ತು. ಹಾಲು, ಸಕ್ಕರೆ, ಪುಡಿ, ಮತ್ತೆ ಹಾಲು, ಮತ್ತೆ ಸಕ್ಕರೆ. ದಿನಕ್ಕೆ ಹನ್ನೆರಡು ಲೋಟವಾದರೂ ಕುಡಿಯುತ್ತಿದ್ದೆ. ಊಟದ ನೆನಪಾಗುತ್ತಿದ್ದದ್ದು ಕಡಿಮೆ.

ಐದು ವರ್ಷದ ಹಿಂದೆ ಒಂದು ಸಲ ಕೈ ಸುಟ್ಟುಕೊಂಡು ಡಾಕ್ಟರ ಹತ್ತಿರ ಹೋದೆ. ಕೈಗೆ ಮುಲಾಮು ಹಚ್ಚಿ ಸುಮ್ಮನಿರದೆ ಆ ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು. ಇನ್ನೊಂದು ಸಲ ನೋಡಿದರು. ಮೂರನೇ ಸಲ ನೋಡುವ ಮೊದಲು ಹತ್ತು ನಿಮಿಷ ಸುಮ್ಮನೆ ಕೂರಿಸಿದರು. ಕೊನೆಗೆ ಮಾತ್ರೆ ಬರೆದುಕೊಟ್ಟರು. ದಿನಾ ಒಂದು, ಬೆಳಗ್ಗೆ, ತಪ್ಪದೆ.

“ಎಷ್ಟು ದಿನ?” ಎಂದು ಕೇಳಿದೆ.

“ದಿನದ ಲೆಕ್ಕ ಇಲ್ಲ. ನಿಲ್ಲಿಸಬೇಡಿ,” ಎಂದರು.

ನನಗೆ ಅದು ಬೈಗುಳದ ಹಾಗೆ ಕೇಳಿಸಿತು. ಇಪ್ಪತ್ತು ಲೀಟರ್ ಹಿಟ್ಟಿನ ಪಾತ್ರೆಯನ್ನು ಒಬ್ಬನೇ ಎತ್ತುವವನು ನಾನು. ಜ್ವರ ಬಂದರೂ ರಜೆ ಹಾಕಿದವನಲ್ಲ. ತಲೆನೋವಿಲ್ಲ, ತಲೆಸುತ್ತಿಲ್ಲ. ಏನೂ ಇಲ್ಲದ ಕಾಯಿಲೆಗೆ ಸಾಯುವವರೆಗೆ ಮಾತ್ರೆಯೇ? ಆದರೂ ದಿನಾ ನುಂಗತೊಡಗಿದೆ, ಮನಸ್ಸಿಲ್ಲದೆ.

ಹೋಟೆಲಿಗೆ ವಾರಕ್ಕೆರಡು ಸಲ ಬರುವ ಒಬ್ಬ ಹುಡುಗ, ಮೈಸೂರಿನ ಸಾಫ್ಟ್‌ವೇರ್ ಎಂಜಿನಿಯರು, ಕೌಂಟರಿನ ಬಳಿ ನಿಂತು ನನ್ನ ಗೋಳು ಕೇಳಿದ.

“ಅಣ್ಣಾ, ಟ್ಯಾಬ್ಲೆಟ್‌ಗೆಲ್ಲ ಹೋಗ್ಬೇಡಿ. ಒನ್ಸ್ ಸ್ಟಾರ್ಟ್ ಮಾಡಿದ್ರೆ ಲೈಫ್‌ಲಾಂಗು. ಚೈನೀಸ್ ಟೀ ಟ್ರೈ ಮಾಡಿ. ಬಿಪಿ, ಶುಗರ್ರು, ಫ್ಯಾಟು, ಎಲ್ಲಾ ಡೌನು.”

“ನಿಂಗ್ಯಾರ್ ಹೇಳಿದ್ರಪ್ಪಾ?”

“ಫೋನಲ್ಲಿ ಸಾವಿರ ವಿಡಿಯೋ ಇವೆ ಅಣ್ಣಾ. ಇಲ್ಲೇ ಹಿಂದಿನ ಬೀದೀಲಿ ಒಂದು ಅಂಗಡಿ ಇದೆ, ಪಕ್ಕಾ ಒರಿಜಿನಲ್ಲು. ಒಂದು ಮುದುಕಿ ಇರ್ತಾಳೆ, ಸ್ವಲ್ಪ ಖಡಕ್ಕು.”

ಹೋಟೆಲಿಗೆ ಸೋಮವಾರ ರಜೆ. ಆ ಸೋಮವಾರವೇ ಹೋದೆ.

ಅಂಗಡಿ ನಮ್ಮ ಹೋಟೆಲಿನ ಸ್ಟೋರ್ ರೂಮಿಗಿಂತ ಚಿಕ್ಕದು. ಗೋಡೆ ತುಂಬ ತಗಡಿನ ಡಬ್ಬಿಗಳು. ಒಂದು ಮೇಜು, ಎರಡು ಮುಕ್ಕಾಲಿ. ಮೇಜಿನ ಹಿಂದೆ ಬೆಳ್ಳಗಾದ ಕೂದಲನ್ನು ಗಂಡಸರ ಹಾಗೆ ಗಿಡ್ಡ ಕತ್ತರಿಸಿಕೊಂಡ, ನನ್ನ ಎದೆಯೆತ್ತರಕ್ಕೂ ಬಾರದ ಹೆಂಗಸು. ನಮ್ಮಿಬ್ಬರ ಜರ್ಮನ್ನೂ ಅರ್ಧಂಬರ್ಧ. ನಾನು ಹೇಳಿದ್ದು ಅವರಿಗೆ ಮುಕ್ಕಾಲು ತಿಳಿಯುತ್ತಿತ್ತು, ಅವರು ಹೇಳಿದ್ದು ನನಗೆ ಮುಕ್ಕಾಲು. ಇಬ್ಬರಿಗೂ ಸಾಕಾಗುತ್ತಿತ್ತು.

“ರಕ್ತದೊತ್ತಡದ ಚಹಾ ಕೊಡಿ,” ಎಂದೆ.

“ಇಲ್ಲ.”

“ಖಾಲಿಯಾಗಿದೆಯಾ?”

“ಅಂಥ ಚಹಾ ಇಲ್ಲ. ಇಲ್ಲಿರುವುದು ಕುಡಿಯುವ ಚಹಾ. ಔಷಧಿ ಬೇಕಾದರೆ ಬೀದಿ ಕೊನೆಗೆ ಹೋಗು, ಆಪೊತೇಕೆ ಇದೆ.” ಆಪೊತೇಕೆ ಎಂದರೆ ಔಷಧಿ ಅಂಗಡಿ.

ಗಿರಾಕಿಯನ್ನು ಹೀಗೆ ಮಾತಾಡಿಸುವ ಅಂಗಡಿಯನ್ನು ನಾನು ಕಂಡಿರಲಿಲ್ಲ. ವಾಪಸು ಹೊರಟವನ ಕೈಯನ್ನು ಅವರು ನೋಡಿದರು. ಎದ್ದು ಬಂದು ನನ್ನ ಹೆಬ್ಬೆರಳನ್ನು ಹಿಡಿದು ತಿರುಗಿಸಿ ನೋಡಿದರು, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ.

“ಕೋಖ್?”

“ಹೌದು.”

“ಕೂತುಕೋ.”

ಕೂತೆ. ಅವರು ಬಟ್ಟಲಿಗೆ ಒಂದು ಚಿಟಿಕೆ ಸುರುಳಿ ಎಲೆ ಹಾಕಿ, ಬಿಸಿನೀರು ಹೊಯ್ದು, ಆ ಮೊದಲ ನೀರನ್ನು ಚೆಲ್ಲಿಯೇ ಬಿಟ್ಟರು. ಎರಡನೇ ನೀರನ್ನು ಅಡಿಕೆಯಷ್ಟು ಬಟ್ಟಲಿಗೆ ಸುರಿದು ಮುಂದಿಟ್ಟರು. ಒಂದೇ ಗುಟುಕಿಗೆ ಮುಗಿಸಿದೆ.

“ಏನು ರುಚಿ?”

“ಬಿಸಿನೀರು.”

ಅವರು ನಕ್ಕ ರೀತಿಗೆ ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ಒಳಗೆ ಇಣುಕಿದ. “ನಾಲಿಗೆ ನಿದ್ದೆ ಮಾಡುತ್ತಿದೆ,” ಎಂದರು. “ನೀನು ಅಡಿಗೆ ಮಾಡುವ ಊರಿನವರ ಗತಿ ಏನು?”

ನನ್ನ ಅಡಿಗೆಯ ಬಗ್ಗೆ ಯಾರೂ ಅಷ್ಟು ಧೈರ್ಯವಾಗಿ ಮಾತಾಡಿರಲಿಲ್ಲ. ಅವಮಾನಕ್ಕೋ ಹಟಕ್ಕೋ ನೂರು ಗ್ರಾಂ ಕಟ್ಟಿಸಿಕೊಂಡೆ. ಊಲಾಂಗ್ ಎನ್ನುವ ಎಲೆ. ಹಸಿರೂ ಅಲ್ಲ ಕಪ್ಪೂ ಅಲ್ಲ, ನಡುವಿನದು. ಅವರ ತಂದೆ ಚೀನಾದ ಫುಜಿಯಾನ್ ಪ್ರಾಂತ್ಯದ ಗುಡ್ಡದೂರಿನಲ್ಲಿ ಈ ಎಲೆಯನ್ನೇ ಇದ್ದಿಲ ಮೇಲೆ ಹುರಿಯುತ್ತಿದ್ದರಂತೆ. ಇವರೂ ಹತ್ತನೇ ವಯಸ್ಸಿಗೆ ಆ ಬಾಣಲೆಗೆ ಕೈ ಹಾಕಿದವರು. ಹೇಗೆ ಮಾಡಬೇಕು ಎಂದು ಕೈಸನ್ನೆಯಲ್ಲಿ ಎಲ್ಲ ಹೇಳಿದರು. ನಾನು ತಲೆ ಅಲ್ಲಾಡಿಸಿದೆ. ಚಹಾ ಮಾಡುವುದನ್ನು ನನಗೆ ಹೇಳಿಕೊಡುವುದೇ?

ಮನೆಗೆ ಬಂದು ಹೆಂಡತಿಯ ಕೈಗೆ ಪೊಟ್ಟಣ ಕೊಟ್ಟೆ. ಅವಳು ಮೂಸಿ ನೋಡಿ, “ಏನ್ರೀ ಇದು, ಒಣಗಿದ ಮೆಂತ್ಯಸೊಪ್ ಇದ್ದಂಗೈತಿ,” ಎಂದಳು. ಇಬ್ಬರೂ ಸೇರಿ ನಾಲ್ಕು ಚಮಚ ಎಲೆಯನ್ನು ಹಾಲಿಗೆ ಹಾಕಿ, ಶುಂಠಿ ಜಜ್ಜಿ, ಏಲಕ್ಕಿ ಒಡೆದು, ಸಕ್ಕರೆ ಸುರಿದು, ಹದಿನೈದು ನಿಮಿಷ ಕಾಯಿಸಿದೆವು. ಬಣ್ಣ ಬರಲಿಲ್ಲವೆಂದು ಮತ್ತೆರಡು ಚಮಚ ಹಾಕಿದೆವು. ರುಚಿ ಪರವಾಗಿಲ್ಲ ಅನ್ನಿಸಿತು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಮುಂದಿನ ಸೋಮವಾರ ಅದನ್ನೇ ಹೊಸದಾಗಿ ಮಾಡಿ, ಫ್ಲಾಸ್ಕಿಗೆ ತುಂಬಿಕೊಂಡು, ನೋಡಲಿ ನಮ್ಮ ಕೈಚಳಕ ಎಂದು ಅವರ ಅಂಗಡಿಗೇ ಒಯ್ದೆ.

ಅವರು ಲೋಟಕ್ಕೆ ಸುರಿದು ನೋಡಿದರು. ಮೂಸಿದರು. ನಿಧಾನವಾಗಿ, ನಿಲ್ಲಿಸದೆ, ಪೂರ್ತಿ ಕುಡಿದರು. ಲೋಟ ಕೆಳಗಿಟ್ಟು, “ಒಳ್ಳೆಯ ಸೂಪು,” ಎಂದರು. “ಒಳಗೆ ನನ್ನ ಎಲೆ ಇದೆಯಾ?”

“ಇದೆ. ಆರು ಚಮಚ.”

ಅವರು ಕಣ್ಣು ಮುಚ್ಚಿಕೊಂಡರು. ಸತ್ತವರ ಸುದ್ದಿ ಕೇಳಿದ ಹಾಗೆ.

ಬೈಯಲಿಲ್ಲ ಮಾತ್ರ. ಮುಂದಿನ ವಾರ ನಮ್ಮ ಅಸ್ಸಾಂ ಪುಡಿಯಲ್ಲಿ ಇದನ್ನೇ ಮಾಡಿ ತರಲು ಹೇಳಿದರು. ತಂದೆ. ಅದನ್ನೂ ಪೂರ್ತಿ ಕುಡಿದರು. “ಇದು ಸರಿ. ಈ ಪುಡಿಗೆ ಹಾಲು ಬೇಕು, ಅದು ತಾಳುತ್ತದೆ. ನನ್ನ ಎಲೆಗೆ ನೀರು ಸಾಕು. ಕೋಖ್, ನಿನಗೆ ಬೆಂಕಿ ಗೊತ್ತು. ನೀರು ಗೊತ್ತಿಲ್ಲ.”

ಅಂದಿನಿಂದ ಸೋಮವಾರದ ಪಾಠ ಶುರುವಾಯಿತು. ಹಸಿರು ಎಲೆಗೆ ಕುದಿನೀರು ಹಾಕಬಾರದು, ಸ್ವಲ್ಪ ಆರಿಸಿ ಹಾಕಬೇಕು. ಊಲಾಂಗಿಗೆ ಬಿಸಿ ಬೇಕು, ಆದರೆ ಹೊತ್ತು ಬೇಡ. ಅದೇ ಎಲೆಗೆ ಆರೇಳು ಸಲ ನೀರು ಹಾಕಬಹುದು, ಒಂದೊಂದು ನೀರಿಗೂ ರುಚಿ ಬೇರೆ. ನಾನು ಒಂದೇ ಗುಟುಕಿಗೆ ಮುಗಿಸಿದರೆ ಕೈ ಮೇಲೆ ಹೊಡೆಯುತ್ತಿದ್ದರು. “ಬಸ್ ಹಿಡಿಯಬೇಕಾ? ಬಾಯಲ್ಲಿ ಇಟ್ಟುಕೋ.” ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಎರಡು ಮಾತುಗಳನ್ನು ಅಂಗಡಿಯೊಳಗೆ ಆಡುವ ಹಾಗಿರಲಿಲ್ಲ. ಏನಿದೆಯೋ ಅದನ್ನು ಹೇಳಬೇಕು. ನನಗೆ ಅವರ ಹೂವುಗಳ ಹೆಸರೂ ಗೊತ್ತಿಲ್ಲ, ಜರ್ಮನ್ನರ ಹಣ್ಣುಗಳ ಹೆಸರೂ ಗೊತ್ತಿಲ್ಲ. ನಮ್ಮ ಅಡಿಗೆಮನೆಯ ಮಾತುಗಳಲ್ಲೇ ಹೇಳತೊಡಗಿದೆ. ಹುರಿಗಡಲೆಯ ವಾಸನೆ, ಹೊಸ ಭತ್ತದ ತೌಡು, ಬೆಲ್ಲದ ಪಾಕ ಎಳೆ ಬರುವ ಮೊದಲು. ಒಂದೊಂದನ್ನೂ ಬಿಡಿಸಿ ಹೇಳುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಅವರು ಬಿಡದೆ ಕೇಳುತ್ತಿದ್ದರು. ತೌಡು ಎಂದರೇನು ಎಂದು ತಿಳಿಸಲು ನಾನು ಒಂದು ಪೊಟ್ಟಣ ತೌಡನ್ನೇ ಹುಡುಕಿ ಒಯ್ದಿದ್ದೆ.

ಇದರಿಂದ ಆದ ಲಾಭವನ್ನು ಹೇಳಲೇಬೇಕು. ಎರಡು ತಿಂಗಳಲ್ಲಿ ನನ್ನ ಸಾಂಬಾರಿನಲ್ಲಿ ಉಪ್ಪು ಜಾಸ್ತಿ ಎಂದು ನನಗೇ ಗೊತ್ತಾಯಿತು. ಎಷ್ಟು ವರ್ಷದಿಂದ ಜಾಸ್ತಿಯಿತ್ತೋ. ಸಕ್ಕರೆ ಚಹಾದಲ್ಲಿ ದಿನವಿಡೀ ನೆನೆದ ನಾಲಿಗೆಗೆ ಉಪ್ಪು ಕೇಳಿಸುತ್ತಲೇ ಇರಲಿಲ್ಲ. ಕಡಿಮೆ ಮಾಡಿದೆ. ಗಿರಾಕಿಗಳು ಬಟ್ಟಲು ಬಟ್ಟಲು ಕೇಳಿ ಹಾಕಿಸಿಕೊಂಡರು. ಹನ್ನೆರಡು ಲೋಟ ಎರಡಕ್ಕೆ ಇಳಿಯಿತು. ಹೊಟ್ಟೆಯುರಿ ಹೋಯಿತು. ಮಧ್ಯಾಹ್ನ ಮೂರಕ್ಕೆ ಹತ್ತು ನಿಮಿಷ ಕೂತು, ಬಟ್ಟಲಿಗೆ ನೀರು ಹೊಯ್ದು, ಎಲೆ ಅರಳುವುದನ್ನು ನೋಡುವುದು ರೂಢಿಯಾಯಿತು. ಮೂವತ್ತು ವರ್ಷದಲ್ಲಿ ಕೆಲಸದ ನಡುವೆ ನಾನು ಕೂತದ್ದು ಅದೇ ಮೊದಲು. ಮೈ ಹಗುರ, ನಿದ್ದೆ ಸೊಗಸು. ಹುಡುಗರ ಮೇಲೆ ರೇಗುವುದು ಕಡಿಮೆಯಾಯಿತೆಂದು ಅಡಿಗೆಮನೆಯಲ್ಲಿ ಎಲ್ಲರೂ ಹೇಳಿದರು.

ಈ ಹಗುರವನ್ನು ನಂಬಿಯೇ ನಾನು ಮಾತ್ರೆ ಬಿಟ್ಟಿದ್ದೆ. ಮನೆಯಲ್ಲಿ ಹೇಳಿರಲಿಲ್ಲ. ದಿನಾ ಬೆಳಗ್ಗೆ ಒಂದು ಮಾತ್ರೆ ಬಿಚ್ಚಿ, ಕೈಯಲ್ಲಿ ಮುಚ್ಚಿಕೊಂಡು, ಸಿಂಕಿಗೆ ಹಾಕಿ ನೀರು ಬಿಡುತ್ತಿದ್ದೆ. ಡಾಕ್ಟರು ಕೊಟ್ಟಿದ್ದ ತಪಾಸಣೆಯ ದಿನಕ್ಕೂ ಹೋಗಿರಲಿಲ್ಲ.

ಅಂಗಡಿಗೆ ಬಂದವರು ಇದು ಯಾವುದಕ್ಕೆ ಒಳ್ಳೆಯದು ಎಂದರೆ ಚಹಾದಮ್ಮನ ಮುಖ ಬಿಗಿಯುತ್ತಿತ್ತು. ಒಮ್ಮೆ ನನ್ನೆದುರೇ ಒಬ್ಬಾಕೆ, ಹೊಟ್ಟೆ ಕರಗಿಸುವ ಚಹಾ ಯಾವುದು ಎಂದಳು. “ಮೂರನೇ ಮಹಡಿಯಲ್ಲಿದೆ,” ಎಂದರು ಚಹಾದಮ್ಮ. “ದಿನಾ ನಡೆದು ಹತ್ತಿ ಹೋಗಿ ಕುಡಿಯಬೇಕು. ಲಿಫ್ಟ್ ಬೇಡ.” ಆಕೆ ಬಾಗಿಲು ಎಳೆದುಕೊಂಡು ಹೋದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆ ಮಾತು ನನಗೂ ಸಲ್ಲುತ್ತದೆಂದು ಹೊಳೆಯಲೇ ಇಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ನನಗೆ ಅವರನ್ನು ಹೊಗಳಬೇಕೆನಿಸಿತು. ನಾಲ್ಕನೇ ನೀರು ಕುಡಿಯುತ್ತಾ ಅಂದೆ: “ನಿಮ್ಮ ಚಹಾ ನನ್ನ ಮಾತ್ರೆ ಬಿಡಿಸಿತು. ಮೂರು ತಿಂಗಳಾಯಿತು, ಒಂದೂ ನುಂಗಿಲ್ಲ. ಕಲ್ಲಿನ ಹಾಗಿದ್ದೇನೆ ನೋಡಿ.”

ಅವರು ಬಗ್ಗಿಸುತ್ತಿದ್ದ ಕೈ ನಿಂತಿತು. ಆ ಕೈಯಿಂದ ಚಹಾ ತುಳುಕಿ ಮೇಜಿಗೆ ಬಿದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಯಾವ ಮಾತ್ರೆ?”

“ರಕ್ತದೊತ್ತಡದ್ದು.”

“ಡಾಕ್ಟರು ಬಿಡು ಅಂದರಾ?”

“ಅವರನ್ನು ಯಾಕೆ ಕೇಳಲಿ? ನನ್ನ ಮೈ ನನಗೆ ಗೊತ್ತಿಲ್ಲವಾ?”

ಅವರು ನನ್ನ ಕೈಯಿಂದ ಬಟ್ಟಲು ಕಿತ್ತುಕೊಂಡು ಚಹಾವನ್ನು ಚೆಲ್ಲಿದರು. ಆಗಲೇ ಕಟ್ಟಿ ಮೇಜಿನ ಮೇಲಿಟ್ಟಿದ್ದ ಪೊಟ್ಟಣವನ್ನು ಬಿಚ್ಚಿ ಎಲೆಯನ್ನು ಡಬ್ಬಿಗೆ ವಾಪಸು ಸುರಿದರು.

“ನಿನಗೆ ಚಹಾ ಮಾರುವುದಿಲ್ಲ.”

“ಏನು?”

“ಡಾಕ್ಟರ ಹತ್ತಿರ ಹೋಗು. ಅವರ ಕಾಗದ ತಾ. ಆಮೇಲೆ ಚಹಾ.”

“ಚಹಾ ಕುಡಿಯೋಕೆ ಕಾಗದ ಬೇಕಾ? ಈ ದೇಶದಲ್ಲಿ ಕಾಗದ ಕೇಳದೆ ಇದ್ದದ್ದು ಇದೊಂದೇ ಅಂಗಡಿ ಅಂದುಕೊಂಡಿದ್ದೆ!”

“ಹೊರಗೆ,” ಎಂದರು. ತಾವೇ ಹೋಗಿ ಬಾಗಿಲು ತೆರೆದು ಹಿಡಿದರು. ಸಿಟ್ಟಿಗೆ ಎಂದುಕೊಂಡೆ.

ಮೈಯೆಲ್ಲ ಉರಿದುಹೋಯಿತು. ನಾನು ಕೊಟ್ಟ ಮರ್ಯಾದೆಯೇನು, ಇವರು ಮಾಡಿದ್ದೇನು! ದಾರಿಯಲ್ಲೇ ಸೂಪರ್ ಮಾರ್ಕೆಟ್ಟಿಗೆ ನುಗ್ಗಿ ಗ್ರೀನ್ ಟೀ ಚೀಲಗಳ ಡಬ್ಬಿ ತಂದೆ. ರುಚಿ ಒದ್ದೆ ರಟ್ಟಿನ ಹಾಗಿತ್ತು. ಹಟಕ್ಕೆ ಕುಡಿದೆ. ಎರಡು ಸೋಮವಾರ ಮನೆಯಲ್ಲೇ ಕೂತೆ.

ಹೆಂಡತಿಗೆ ನಾನು ಹೇಳಿದ್ದು, ಅಂಗಡಿಗೆ ರಜೆ ಎಂದು. ಅವಳು ಮೂರನೇ ವಾರ ನನಗೆ ಖುಷಿಯಾಗಲೆಂದು ತಾನೇ ಹೋಗಿ ಚಹಾ ತರಲು ಹೊರಟಳಂತೆ. ಅವಳ ಜರ್ಮನ್ ನನ್ನದಕ್ಕಿಂತ ಕಡಿಮೆ. ಚಹಾದಮ್ಮ ಅವಳನ್ನು ಕೂರಿಸಿ, ಬಾಯಿಗೆ ಮಾತ್ರೆ ಹಾಕಿಕೊಳ್ಳುವ ಹಾಗೆ ಮಾಡಿ ತೋರಿಸಿ, ನನ್ನ ಎತ್ತರಕ್ಕೆ ಕೈ ಎತ್ತಿ, ಇಲ್ಲ ಇಲ್ಲ ಎಂದು ತಲೆಯಾಡಿಸಿದರಂತೆ. ಆಮೇಲೆ ತಮ್ಮ ಬಲಗೈಯನ್ನು ಸತ್ತ ಕೈಯ ಹಾಗೆ ಮೇಜಿನ ಮೇಲೆ ಬೀಳಿಸಿ ತೋರಿಸಿದರಂತೆ. ಅದಕ್ಕೆ ಭಾಷೆ ಬೇಕಿರಲಿಲ್ಲ.

ನಾನು ಕೆಲಸ ಮುಗಿಸಿ ಬಂದಾಗ ಮಾತ್ರೆಯ ಖಾಲಿ ಹಾಳೆಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು. ಸಿಂಕಿನ ಜಾಲರಿಯಲ್ಲಿ ಸಿಕ್ಕ, ಅರ್ಧ ಕರಗಿದ ಮಾತ್ರೆಯೊಂದೂ ಪಕ್ಕದಲ್ಲಿತ್ತು.

“ಇವೆಲ್ಲ ಯಾರ ಹೊಟ್ಟಿಗೆ ಹೋದುವ್ರೀ?”

“ಏನೀಗ?”

“ಸಿಂಕಿಗೆ ಬಿಪಿ ಇತ್ತೇನ್ರೀ? ದಿನಾ ಅದಕ್ಕ ಗುಳಿಗಿ ನುಂಗಿಸ್ತಿದ್ರಿ?”

“ನೋಡು, ನಾನ್ ಆರಾಮದೀನಿ. ಆ ಮುದುಕಿ ಸುಮ್ನೆ...”

“ಆಕಿಗಿ ಮುದುಕಿ ಅಂದ್ರ ಸುಮ್ನಿರಂಗಿಲ್ಲ ನಾನು. ಆಕಿ ಯಾರ್ರೀ ನಿಮಗ? ನಿಮ್ಮ ಜಾತಿನಾ, ನಿಮ್ಮ ಊರಾ? ವ್ಯಾಪಾರ ಬಿಟ್ಟು ಬುದ್ಧಿ ಹೇಳ್ಯಾಳ. ನಿಮ್ ಬಲಗೈ ಬಿದ್ದೋದ್ರ ದ್ವಾಸಿ ಯಾರ್ ಹಾಕ್ತಾರ್ರೀ? ನಾನಾ?” ಅಷ್ಟು ಹೊತ್ತು ಗಟ್ಟಿಯಾಗಿದ್ದವಳು ಅಲ್ಲಿಗೆ ಬಂದು ಅತ್ತುಬಿಟ್ಟಳು.

ಮರುದಿನ ಬೆಳಗ್ಗೆ ಕೈ ಹಿಡಿದು ಡಾಕ್ಟರಲ್ಲಿಗೆ ಕರೆದುಕೊಂಡು ಹೋದಳು. ಪಟ್ಟಿ ಸುತ್ತಿ ನೋಡಿದರೆ ಮೇಲಿನ ಅಂಕಿ ನೂರಾ ತೊಂಬತ್ತನ್ನು ದಾಟಿತ್ತು. ಡಾಕ್ಟರಮ್ಮ ಬೈಯಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು. ನನ್ನನ್ನು ಅಲ್ಲೇ ಮಲಗಿಸಿ, ಒತ್ತಡ ಇಳಿಯುವವರೆಗೆ ಹೊರಗೆ ಬಿಡಲಿಲ್ಲ. ಛಾವಣಿ ನೋಡುತ್ತಾ ಮಲಗಿದ್ದಾಗ ಯೋಚಿಸಿದೆ. ಈಗಲೂ ತಲೆನೋವಿಲ್ಲ, ತಲೆಸುತ್ತಿಲ್ಲ. ಮೈ ಹಗುರವಾಗಿಯೇ ಇದೆ. ಅಂದರೆ ಮೂರು ತಿಂಗಳು ನಾನು ಕಲ್ಲಿನ ಹಾಗಿದ್ದೇನೆ ಎಂದುಕೊಂಡದ್ದೆಲ್ಲ ಹೀಗೆಯೇ. ಹಿಟ್ಟಿನ ಪಾತ್ರೆ ಎತ್ತುವಾಗ ಯಾವ ದಿನ ಬೇಕಾದರೂ ನಾನು ಅದರ ಜೊತೆಗೇ ಬೀಳಬಹುದಿತ್ತು.

“ಚಹಾ ಕುಡಿಯಬಹುದಾ?” ಎಂದು ಕೇಳಿದೆ.

“ಕುಡಿಯಿರಿ. ಸಕ್ಕರೆ ಬಿಟ್ಟದ್ದು, ಉಪ್ಪು ಇಳಿಸಿದ್ದು, ದಿನಕ್ಕೊಮ್ಮೆ ಕೂರುವುದು, ಎಲ್ಲ ಒಳ್ಳೆಯದೇ. ಆದರೆ ಮಾತ್ರೆಯ ಜಾಗದಲ್ಲಿ ಚಹಾ ಇಡಬೇಡಿ.”

ಒಂದು ತಿಂಗಳು ಮಾತ್ರೆ ನುಂಗಿ, ಮತ್ತೆ ತೋರಿಸಿ, ಸಹಿ ಮೊಹರು ಇರುವ ಕಾಗದ ಹಿಡಿದು ಅಂಗಡಿಗೆ ಹೋದೆ. ಬಾಗಿಲಲ್ಲಿ ನಿಂತೇ ಚಾಚಿದೆ. ಅವರು ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದು ತಾರೀಖು ನೋಡಿದರು, ಅಂಕಿ ನೋಡಿದರು, ಮೊಹರನ್ನು ಉಗುರಿನಿಂದ ಕೆರೆದೂ ನೋಡಿದರು.

“ನಾನು ಕಳ್ಳನಾ?” ಎಂದೆ.

“ನೀನು ಗಂಡಸು,” ಎಂದರು. “ಕೂತುಕೋ.”

ಅಂದು ಎರಡನೇ ನೀರಿನ ಹೊತ್ತಿಗೆ ಅವರು ಗೋಡೆಯ ಮೇಲೆ ಸಾಲಾಗಿದ್ದ ಮೊಳೆಗಳನ್ನು ತೋರಿಸಿದರು. ಡಬ್ಬಿಗಳ ಮೇಲ್ಗಡೆ, ಏನೂ ತೂಗುಹಾಕದ ಏಳೆಂಟು ಮೊಳೆ. ಅಂಗಡಿ ಇಟ್ಟ ಹೊಸತರಲ್ಲಿ ಅಲ್ಲಿ ಬೋರ್ಡುಗಳಿದ್ದವಂತೆ. ಈ ಚಹಾ ಹೃದಯಕ್ಕೆ, ಇದು ಲಿವರಿಗೆ, ಇದು ಆಯುಷ್ಯಕ್ಕೆ. ಜನ ಮುಗಿಬಿದ್ದು ಕೊಳ್ಳುತ್ತಿದ್ದರು. ಒಬ್ಬ ಜರ್ಮನ್ ಮುದುಕ, ಹಿಂದೆ ಟ್ರಾಮ್ ಓಡಿಸುತ್ತಿದ್ದವನು, ವಾರವಾರ ಬರುತ್ತಿದ್ದ. ಒಂದು ದಿನ ನನ್ನ ಹಾಗೆಯೇ, ನಿಮ್ಮ ಚಹಾ ಇದ್ದ ಮೇಲೆ ಹೃದಯದ ಮಾತ್ರೆ ಯಾಕೆ, ಬಿಟ್ಟೆ ಎಂದ. ಚಹಾದಮ್ಮ ನಕ್ಕು ಇನ್ನಷ್ಟು ಎಲೆ ತೂಗಿ ಕೊಟ್ಟರು.

“ಆಮೇಲೆ?”

“ಆಮೇಲೆ ಬರಲಿಲ್ಲ.”

“ಸತ್ತನಾ?”

“ಗೊತ್ತಿಲ್ಲ. ಊರು ಬಿಟ್ಟನೋ, ಸತ್ತನೋ, ಬೇರೆ ಅಂಗಡಿಗೆ ಹೋದನೋ. ಮನೆ ಎಲ್ಲಿ ಅಂತ ನಾನು ಕೇಳಿರಲಿಲ್ಲ. ಎಲೆ ತೂಗಿದ್ದು ಮಾತ್ರ ಗೊತ್ತು.” ಬಟ್ಟಲನ್ನು ನನ್ನ ಕಡೆ ಸರಿಸಿದರು. “ಆ ವಾರ ಬೋರ್ಡು ಇಳಿಸಿದೆ. ಕುಡಿ, ಆರುತ್ತದೆ.”

ಆಮೇಲಿನ ವರ್ಷಗಳಲ್ಲಿ ನನ್ನ ಅಂಕಿಗಳು ಸರಿದಾರಿಗೆ ಬಂದವು. ಚಹಾದಮ್ಮನ ನಿಯಮ ಮಾತ್ರ ಸಡಿಲಲಿಲ್ಲ. ಮಾತ್ರೆಯನ್ನು ಬರೀ ನೀರಿನಲ್ಲಿ ನುಂಗಬೇಕು, ಚಹಾದಲ್ಲಲ್ಲ. ಬರಿ ಹೊಟ್ಟೆಗೆ ಚಹಾ ಇಲ್ಲ. ಆರು ತಿಂಗಳಿಗೊಮ್ಮೆ ಕಾಗದ ತೋರಿಸಬೇಕು. ಮೈಸೂರಿನ ಆ ಹುಡುಗ ಒಮ್ಮೆ ನನ್ನ ಜೊತೆ ಬಂದವನು ಇದನ್ನು ನೋಡಿ, “ಏನ್ ಗುರು ಇದು, ಟೀ ಅಂಗಡಿನೋ ವೀಸಾ ಆಫೀಸೋ!” ಎಂದ. ಅವನನ್ನೂ ಕೂರಿಸಿ, ಎಷ್ಟು ಹೊತ್ತು ಕುರ್ಚಿಯಲ್ಲಿರುತ್ತೀಯ, ಎಷ್ಟು ನಿದ್ದೆ ಮಾಡುತ್ತೀಯ ಎಂದು ವಿಚಾರಣೆ ಮಾಡಿದರು. ಅವನು ಒಂದು ವಾರದಲ್ಲಿ ಫೋನಿನ ವಿಡಿಯೋ ಬಿಟ್ಟು ಸೈಕಲ್ ಹಿಡಿದ.

ಹೋದ ವರ್ಷ ಬೇಸಿಗೆಯ ಕೊನೆಗೆ ಒಂದು ಸೋಮವಾರ ಅಂಗಡಿ ಮುಚ್ಚಿತ್ತು. ಪಕ್ಕದ ಹೂವಿನಂಗಡಿಯವರು ಆಸ್ಪತ್ರೆಯ ಹೆಸರು ಹೇಳಿದರು. ಅಲ್ಲಿಂದ ನೇರ ಅಲ್ಲಿಗೇ ಹೋದೆ. ಹೃದಯ ದಣಿದಿತ್ತು. ಕಾಲುಗಳು ಊದಿಕೊಂಡಿದ್ದವು. ಬೊಬ್ಲಿಂಗೆನ್ ಎಂಬ ಊರಿನಲ್ಲಿ ಕೆಲಸ ಮಾಡುವ ಮಗಳು ಬಂದು ಪಕ್ಕದಲ್ಲಿ ಕೂತಿದ್ದಳು. ಮೈಯಲ್ಲಿ ನೀರು ನಿಲ್ಲುತ್ತಿದ್ದುದರಿಂದ ದಿನಕ್ಕೆ ಇಷ್ಟೇ ಕುಡಿಯಬೇಕೆಂದು ಡಾಕ್ಟರು ಅಳತೆ ಹಾಕಿದ್ದಾರೆ ಎಂದು ಅವಳೇ ಹೇಳಿದಳು. ಗುಟುಕು ನೀರನ್ನೂ ನರ್ಸು ಬರೆದಿಡುತ್ತಿದ್ದಳು.

ಮುಂದಿನ ಸಲ ಹೋಗುವಾಗ ಫ್ಲಾಸ್ಕಿನಲ್ಲಿ ಬಿಸಿನೀರು, ಎಲೆ, ಮುಚ್ಚಳದ ಬಟ್ಟಲು ಎಲ್ಲ ಒಯ್ದೆ. ಕಿಟಕಿಯ ಬಳಿ ಇಟ್ಟುಕೊಂಡು, ಅವರು ಕಲಿಸಿದ ಹಾಗೆ, ಮೊದಲ ನೀರು ಚೆಲ್ಲಿ, ಎರಡನೆಯದನ್ನು ಬಗ್ಗಿಸಿದೆ. ಅವರು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಮೂಸಿದರು. ಆಮೇಲೆ ನನಗೆ ವಾಪಸು ಕೊಟ್ಟರು.

“ಇವತ್ತಿನ ಅಳತೆ ಮುಗಿಯಿತು. ಮಧ್ಯಾಹ್ನ ಸೂಪು ಕುಡಿದುಬಿಟ್ಟೆ. ಕೆಟ್ಟ ಸೂಪು.”

“ಒಂದು ಗುಟುಕು. ಯಾರಿಗೂ ಗೊತ್ತಾಗುವುದಿಲ್ಲ.”

ಅವರು ನನ್ನನ್ನು ದಿಟ್ಟಿಸಿದರು. “ನಿನಗೆ ನಾನು ಬಿಟ್ಟಿದ್ದೆನಾ?”

ನಾನು ಬಟ್ಟಲನ್ನು ಕಿಟಕಿಯ ಬಳಿ ಇಟ್ಟೆ.

“ನೀನು ಕುಡಿ,” ಎಂದರು. “ಕುಡಿದು ಹೇಳು.”

ಕುಡಿದೆ. ಬಾಯಲ್ಲಿ ಇಟ್ಟುಕೊಂಡೆ. ಬೆಣ್ಣೆ ಕಾಯಿಸುವಾಗ ನೊರೆ ಇಳಿದು ತುಪ್ಪವಾಗುವ ಆ ಒಂದು ನಿಮಿಷದ ವಾಸನೆ ಇದೆ ಎಂದೆ. ಅಂಗುಳಕ್ಕೆ ಹೋದ ಮೇಲೆ ಹುರಿದ ಗೋಧಿ. ನುಂಗಿದ ಮೇಲೆ ನಾಲಿಗೆಯ ಬದಿಯಲ್ಲಿ ಸ್ವಲ್ಪ ಒಗರು, ಎಳೆ ಪೇರಲಕಾಯಿಯಂಥದ್ದು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಗಂಟಲು ಒಮ್ಮೆ ಆಡಿತು, ನುಂಗಿದ ಹಾಗೆ.

“ಇನ್ನೊಂದು ನೀರು.”

ಆರು ನೀರು ಕುಡಿದೆ, ಆರು ಸಲ ಹೇಳಿದೆ. ಮಗಳು ಮೊದಲು ನಕ್ಕಳು, ಆಮೇಲೆ ಕಿಟಕಿಯ ಕಡೆ ತಿರುಗಿಕೊಂಡಳು. “ನಾಳೆ ಹಸಿರು ಎಲೆ ತಾ,” ಎಂದರು ಚಹಾದಮ್ಮ. “ನೀರು ಆರಿಸಿ ಹಾಕು. ಸುಟ್ಟುಬಿಡಬೇಡ.”

ಇಷ್ಟು ವರ್ಷದ ಕೆಲಸದಲ್ಲಿ ನಾನಾಗಿ ರಜೆ ಕೇಳಿದ್ದು ಅದೇ ಮೊದಲು. ಯಜಮಾನರು ಎರಡು ಮಾತಾಡದೆ ಕೊಟ್ಟರು. ಚಹಾದಮ್ಮ ಅದಾಗಿ ಮೂರು ದಿನ ಮಾತ್ರ ಇದ್ದರು. ಇವತ್ತು ನನ್ನ ಬಲಗೈಯಲ್ಲಿ ಬಲವಿದೆ ಎಂದರೆ, ದಿನಕ್ಕೆ ಇನ್ನೂರು ದೋಸೆ ಈಗಲೂ ನಾನೇ ಹಾಕುತ್ತೇನೆಂದರೆ, ಅದರ ಶ್ರೇಯ ಯಾವ ಎಲೆಗೂ ಅಲ್ಲ, ಎಲೆಯನ್ನು ನನಗೆ ಕೊಡದೆ ಹೋದ ಆ ಹೆಂಗಸಿಗೆ.

ಅವರು ಕೇಳಿದ ಮರುದಿನವೇ ಹಸಿರು ಎಲೆ ಒಯ್ದಿದ್ದೆ. ನೀರನ್ನು ಆರಿಸಿ ಹಾಕಿದೆ, ಸುಡಲಿಲ್ಲ. ಹಸಿ ಅವರೆಕಾಳು ಸುಲಿದಾಗ ಕೈಗೆ ಹತ್ತುವ ವಾಸನೆ ಎಂದು ಶುರು ಮಾಡಿದೆ. ಎರಡನೇ ನೀರಿಗೆ ಅವರ ಉಸಿರು ನಿಧಾನವಾಯಿತು. ಮೂರನೆಯದಕ್ಕೆ ನಿದ್ದೆ ಹೋಗಿದ್ದರು. ಮಗಳು ಸಾಕು ಎಂದು ಕೈಸನ್ನೆ ಮಾಡಿದಳು. ಎಲೆಯಲ್ಲಿ ಇನ್ನೂ ಸತ್ವವಿತ್ತು. ನಾನು ದನಿ ತಗ್ಗಿಸಿ, ಒಂದೊಂದೇ ನೀರು ಹಾಕಿ, ಕುಡಿದು, ಕೊನೆಯದರವರೆಗೂ ಹೇಳಿ ಮುಗಿಸಿಯೇ ಎದ್ದೆ.